ಒಂದೇ ಪೇಜು, ಬೇರೆ ಬೇರೆ ಸಂದರ್ಭ: ಬೆಲ್ಲದ ಧಾರಣೆ ತೋರಿಸುವ ವೆಬ್ ಆ್ಯಪ್ ಹೇಗಿರಬೇಕು?

[ಸ್ಕ್ರೀನ್: ಫೋನು ಮತ್ತು ಲ್ಯಾಪ್‌ಟಾಪಿನಲ್ಲಿ ಒಂದೇ ಪೇಜು]

ನಮಸ್ಕಾರ. ಮಂಡ್ಯ ಎಪಿಎಂಸಿಯ ಬೆಲ್ಲದ ಧಾರಣೆ ತೋರಿಸುವ ಒಂದು ವೆಬ್ ಆ್ಯಪ್ ಮಾಡಬೇಕು ಅಂದುಕೊಳ್ಳಿ. ಅಚ್ಚು ಬೆಲ್ಲ, ಕುರಿಕಟ್ಟು ಬೆಲ್ಲ, ಕ್ವಿಂಟಾಲಿಗೆ ಎಷ್ಟು, ಅಷ್ಟೇ. ಇದನ್ನು ಯಾರು ನೋಡುತ್ತಾರೆ? ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ನಿಂತವರು. ಕೈಯೆಲ್ಲ ಅಂಟು, ಹಳೇ ಆಂಡ್ರಾಯ್ಡ್ ಫೋನು, ನೆಟ್‌ವರ್ಕ್ ಒಂದೇ ಪಾಯಿಂಟ್. ಮಂಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ವರ್ತಕರೂ ನೋಡುತ್ತಾರೆ. ಮೈಸೂರಿನ ಆಫೀಸಿನಿಂದ ಅಪ್ಪನಿಗೆ ರೇಟು ಹೇಳಲು ಹೊರಟ ಮಗಳೂ ನೋಡುತ್ತಾಳೆ.

ಸ್ಕ್ರೀನ್ ಅಳತೆಯ ವಿಷಯ ಬೇಗ ಮುಗಿಸೋಣ. ವೆಬ್ ಡಿಸೈನರ್ ಈಥನ್ ಮಾರ್ಕಾಟ್ 2010ರಲ್ಲೇ ರೆಸ್ಪಾನ್ಸಿವ್ ಡಿಸೈನ್ ಬಗ್ಗೆ, ಅಂದರೆ ಸ್ಕ್ರೀನಿನ ಅಳತೆಗೆ ಹೊಂದಿಕೊಳ್ಳುವ ಪೇಜಿನ ಬಗ್ಗೆ ಬರೆದರು, ದಾರಿ ಚೆನ್ನಾಗಿ ಸವೆದಿದೆ. ಪೇಜಿನ ಅಗಲ ಫೋನಿನಷ್ಟೇ ಇರಲಿ ಅಂತ ಬ್ರೌಸರಿಗೆ ಹೇಳುವ ವ್ಯೂಪೋರ್ಟ್ ಮೆಟಾ ಟ್ಯಾಗ್ ಹಾಕಿ. ಇಲ್ಲದಿದ್ದರೆ ಫೋನಿನ ಬ್ರೌಸರ್ ತನ್ನ ಅಗಲ ಸುಮಾರು 980 ಪಿಕ್ಸೆಲ್ ಅಂದುಕೊಂಡು ಪೇಜನ್ನೆಲ್ಲ ಕುಗ್ಗಿಸಿ ತೋರಿಸುತ್ತದೆ. ಮೊದಲು ಒಂದೇ ಕಾಲಮ್ಮಿನಲ್ಲಿ ಬರೆಯಿರಿ, ಜಾಗ ಸಿಕ್ಕಾಗ ಟೇಬಲ್ ಮಾಡಿ. ಝೂಮ್ ಮಾತ್ರ ಯಾವತ್ತೂ ತಡೆಯಬೇಡಿ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರಿಗೆ ಅದೇ ಗತಿ.

ಯಾವ ಸಾಧನ ಅಂತ ಯೂಸರ್ ಏಜೆಂಟ್ (ಬ್ರೌಸರ್ ಸರ್ವರಿಗೆ ಕೊಡುವ ತನ್ನ ಪರಿಚಯ) ನೋಡಿ ಊಹಿಸುವ ಅಭ್ಯಾಸ ಇನ್ನೂ ಹೋಗಿಲ್ಲ. 2019ರಿಂದ ಐಪ್ಯಾಡಿನ ಸಫಾರಿ ತನ್ನನ್ನು ಮ್ಯಾಕ್ ಅಂತಲೇ ಪರಿಚಯಿಸಿಕೊಳ್ಳುತ್ತದೆ. ಇನ್ನು ಊಹೆ ಎಲ್ಲಿ ನಿಲ್ಲುತ್ತೆ ಹೇಳಿ? ಬೆರಳೋ ಮೌಸೋ ಅಂತ ತಿಳಿಯಬೇಕಾದರೆ ಪೇಜಿನ ರೂಪ ಹೇಳುವ ಸಿಎಸ್‌ಎಸ್‌ನ ಪಾಯಿಂಟರ್ ಕ್ವೆರಿಯಲ್ಲಿ ನೇರವಾಗಿ ಕೇಳಿ. ಬೆರಳಾದರೆ ಬಟನ್ ದೊಡ್ಡದು ಮಾಡಿ. ವೆಬ್ ಎಲ್ಲರಿಗೂ ಬಳಸಲು ಆಗಬೇಕು ಅನ್ನುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2 ಕನಿಷ್ಠ 24 ಪಿಕ್ಸೆಲ್ ಅನ್ನುತ್ತದೆ. ಅಂಟು ಕೈಗೆ ಅದು ಸಾಲದು, 44 ಇಡಿ. ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರ ಕಾಂಟ್ರಾಸ್ಟ್ ಇರಲೇಬೇಕು. ತಿಳಿ ಬೂದು ಅಕ್ಷರ ಆಫೀಸಿನ ಎಸಿಯಲ್ಲಿ ಚೆಂದ, ಬಿಸಿಲಲ್ಲಿ ಕಾಣುವುದೇ ಇಲ್ಲ.

[ಸ್ಕ್ರೀನ್: ಕೆಳಭಾಗ ಕತ್ತರಿಸಿಹೋದ ಕನ್ನಡ ಬಟನ್]

ಈ ಬಟನ್ ನೋಡಿ. ಲೈನ್ ಹೈಟ್ (ಸಾಲಿನ ಎತ್ತರ) ಅಕ್ಷರದ 1.2 ಪಟ್ಟು, ಓವರ್‌ಫ್ಲೋ ಹಿಡನ್, ಅಂದರೆ ಹೊರಚಾಚಿದ್ದು ಕಾಣುವುದಿಲ್ಲ. ಇಂಗ್ಲಿಷಿಗೆ ತೊಂದರೆ ಇಲ್ಲ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದೇ ಕತ್ತರಿಸಿಹೋಗಿದೆ. ‘ಅಚ್ಚು’ ಅಂತ ಬರೆದದ್ದು ‘ಅಚು’ ಅಂತ ಕಾಣುತ್ತಿದೆ. ಲೈನ್ ಹೈಟ್ 1.6, 1.7 ಇಟ್ಟು, ಬಟನ್ನಿನ ಎತ್ತರವನ್ನು ಕಟ್ಟಿಹಾಕದೆ ಬಿಡಿ. ಪೇಜಿನ ಮೂಲ ಕೋಡಾದ ಎಚ್‌ಟಿಎಂಎಲ್‌ನಲ್ಲಿ ಭಾಷೆ ಕನ್ನಡ ಅಂತ ಹೇಳಿದರೆ ಪೇಜನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಕೂಡ ಸರಿಯಾದ ದನಿ ಆರಿಸಿಕೊಳ್ಳಬಹುದು. ನಮ್ಮ ಭಾಷೆಯ ಪೇಜು ನಮ್ಮವರಿಗೇ ಓದಲಾಗದಿದ್ದರೆ ಹೊಟ್ಟೆ ಉರಿಯುತ್ತೆ ಅಲ್ವಾ? ಫಾಂಟ್ ಇಳಿಯುವವರೆಗೆ ಖಾಲಿ ಜಾಗ ತೋರಿಸಬೇಡಿ. ಫಾಂಟ್ ಡಿಸ್‌ಪ್ಲೇ ಸ್ವಾಪ್ ಹಾಕಿದರೆ ಫೋನಿನಲ್ಲೇ ಇರುವ ಕನ್ನಡ ಫಾಂಟಿನಲ್ಲಿ ರೇಟು ತಕ್ಷಣ ಕಾಣುತ್ತದೆ.

ಈಗ ನೆಟ್‌ವರ್ಕ್. ವೇಗ ಎಷ್ಟಿದೆ ಅಂತ ಕ್ರೋಮ್ ಹೇಳುತ್ತದೆ, ಸಫಾರಿ ಮತ್ತು ಫೈರ್‌ಫಾಕ್ಸ್ ಹೇಳುವುದಿಲ್ಲ. ಅದನ್ನೇ ನಂಬಿ ಕೂರಬೇಡಿ. ಧಾರಣೆ ಎಚ್‌ಟಿಎಂಎಲ್‌ನಲ್ಲೇ ಬರಲಿ, ಗ್ರಾಫು, ಫೋಟೋ ಎಲ್ಲ ಆಮೇಲೆ. ಜಾವಾಸ್ಕ್ರಿಪ್ಟ್ ಪೂರ್ತಿ ಇಳಿಯದಿದ್ದರೂ ಇವತ್ತಿನ ರೇಟು ಕಣ್ಣಿಗೆ ಬೀಳಬೇಕು.

ಇದರ ಜೊತೆ ಸರ್ವಿಸ್ ವರ್ಕರ್ ಸೇರಿಸಿ. ಬ್ರೌಸರಿಗೂ ನೆಟ್‌ವರ್ಕಿಗೂ ನಡುವೆ ಕೂತು ಕೆಲಸ ಮಾಡುವ ಸ್ಕ್ರಿಪ್ಟ್ ಅದು, ಅದಕ್ಕೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಬೇಕೇ ಬೇಕು. ಅದು ಮೊದಲು ಸರ್ವರನ್ನು ಕೇಳಲಿ. ಉತ್ತರ ಬರದಿದ್ದರೆ ಹಿಂದೆ ಉಳಿಸಿಟ್ಟಿದ್ದ ಪೇಜು ಕೊಡಲಿ. ಆದರೆ ಹಾಗೆ ಕೊಡುವಾಗ ‘ನಿನ್ನೆ ಮಧ್ಯಾಹ್ನ 3:40ರ ಧಾರಣೆ’ ಅಂತ ರೇಟಿನ ಪಕ್ಕದಲ್ಲೇ, ದಪ್ಪ ಅಕ್ಷರದಲ್ಲಿ ಬರೆಯಿರಿ. ಹೊತ್ತು ಹೇಳದ ಹಳೇ ರೇಟನ್ನು ನಂಬಿ ಒಬ್ಬರು ಗಾಡಿಗೆ ಬೆಲ್ಲ ತುಂಬಿಸಿದರೆ ನಷ್ಟ ಅವರದ್ದು. ಈ ಒಂದು ಸಾಲಿನ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಪೇಜು ತೆರೆದ ಕೂಡಲೇ ಲೊಕೇಶನ್ ಕೇಳಬೇಡಿ. ಯಾಕೆ ಅಂತ ಗೊತ್ತಾಗದೆ ಜನ ಬ್ಲಾಕ್ ಒತ್ತುತ್ತಾರೆ. ಆಮೇಲೆ ಬ್ರೌಸರ್ ತಾನಾಗಿ ಮತ್ತೆ ಕೇಳುವುದಿಲ್ಲ, ಸೆಟ್ಟಿಂಗ್ಸ್ ಹುಡುಕಬೇಕು. ‘ಹತ್ತಿರದ ಮಾರುಕಟ್ಟೆ’ ಒತ್ತಿದಾಗ ಕೇಳಿ, ಸಾಕು. ಮಗಳ ಉದಾಹರಣೆಯನ್ನೇ ತೆಗೆದುಕೊಳ್ಳಿ. ಆಕೆ ಇರುವುದು ಮೈಸೂರಿನಲ್ಲಿ, ಬೇಕಾಗಿರುವುದು ಮಂಡ್ಯದ ರೇಟು. ಜಿಪಿಎಸ್ ಸರಿಯಾಗೇ ಇದೆ, ನಮ್ಮ ಊಹೆ ತಪ್ಪು. ಭಾಷೆಯೂ ಹಾಗೇ. ಫೋನ್ ಇಂಗ್ಲಿಷಿನಲ್ಲಿದ್ದರೂ ಓದುವುದು ಕನ್ನಡ ಇರಬಹುದು. ಆದ್ದರಿಂದ ಮಾರುಕಟ್ಟೆ, ಭಾಷೆ ಎರಡನ್ನೂ ಬದಲಿಸುವ ಬಟನ್ ಮೇಲ್ಗಡೆಯೇ ಇರಲಿ. ಒಮ್ಮೆ ಆರಿಸಿದ್ದನ್ನು ನೆನಪಿಟ್ಟುಕೊಳ್ಳಿ, ಪ್ರತಿ ಸಲ ಕೇಳಿ ಸತಾಯಿಸಬೇಡಿ.

[ಸ್ಕ್ರೀನ್: ಕ್ರೋಮ್ ಡೆವ್‌ಟೂಲ್ಸ್, ನೆಟ್‌ವರ್ಕ್ ಟ್ಯಾಬ್]

ಟೆಸ್ಟ್ ಮಾಡುವಾಗ ಕ್ರೋಮಿನಲ್ಲೇ ಇರುವ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬಿನಲ್ಲಿ ಮೊದಲು 3ಜಿ ಹಾಕಿ, ಆಮೇಲೆ ಆಫ್‌ಲೈನ್ ಮಾಡಿ ರಿಫ್ರೆಶ್ ಒತ್ತಿ. ರೇಟೂ ಅದರ ಹೊತ್ತೂ ಎರಡೂ ಕಂಡರೆ ಸರಿ. ನಂತರ ಒಂದು ಹಳೇ ಫೋನ್ ತೆಗೆದುಕೊಂಡು ನಡುಮಧ್ಯಾಹ್ನ ಬಿಸಿಲಿಗೆ ಹೋಗಿ, ಹೆಬ್ಬೆರಳೊಂದರಲ್ಲೇ ಮಾರುಕಟ್ಟೆ ಬದಲಿಸಿ ನೋಡಿ. ಎಲ್ಲಿ ತಡವರಿಸಿದಿರಿ ಅಂತ ಕಮೆಂಟಿನಲ್ಲಿ ಬರೆಯಿರಿ. ಸರ್ವಿಸ್ ವರ್ಕರ್ ಕೋಡನ್ನು ಮುಂದಿನ ವಿಡಿಯೋದಲ್ಲಿ ಸಾಲು ಸಾಲಾಗಿ ಬರೆಯೋಣ.