ಒಂದು ರಾತ್ರಿ ತಡೀರಿ

ನಮಸ್ಕಾರ. ರೇಡಿಯೋ ಕೇಳ್ತಾ ಕೈಯಲ್ಲಿ ಮೊಬೈಲ್ ಹಿಡ್ಕೊಂಡಿರೋರೇ ಜಾಸ್ತಿ ಅಂತ ನಂಗೊತ್ತು, ಇರ್ಲಿ, ಆದ್ರೆ ನಾನು ಮಾತು ಮುಗಿಸೋವರೆಗೂ ಯಾರಿಗೂ ಏನೂ ಫಾರ್ವರ್ಡ್ ಮಾಡ್ಬೇಡಿ ಆಯ್ತಾ. ಸೋಶಿಯಲ್ ಮೀಡಿಯಾದಲ್ಲಿ ಜನ ಗುಂಪುಗೂಡಿ ಒಬ್ಬರ ಮಾನ ಹರಾಜು ಹಾಕ್ತಾರಲ್ಲ, ಅದಕ್ಕೆ ಮನಶ್ಶಾಸ್ತ್ರ ಪಾಠ ಮಾಡೋ ನೀವೇನಂತೀರಿ ಅಂತ ಕರೆಸಿದಾರೆ. ನಾನನ್ನೋದು ಒಂದೇ ಮಾತು. ಯಾರ ಮೇಲಾದ್ರೂ ಸಿಟ್ಟು ಬಂತಾ, ಒಂದು ರಾತ್ರಿ ತಡೀರಿ, ಬರೆಯೋದಿದ್ರೆ ಬೆಳಗ್ಗೆ ಬರೀರಿ.

ಯಾಕೆ ಅಂತ ಹೇಳ್ತೀನಿ. 2013ರ ಏಪ್ರಿಲ್ 15, ಅಮೆರಿಕದ ಬಾಸ್ಟನ್. ಮ್ಯಾರಥಾನ್ ಓಟ ಮುಗಿಯೋ ಗೆರೆ ಹತ್ರ ಎರಡು ಬಾಂಬ್ ಸಿಡಿದು ಮೂರು ಜನ ಸತ್ರು, ನೂರಾರು ಜನಕ್ಕೆ ಗಾಯ. 18ನೇ ತಾರೀಕು ಸಂಜೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನೋರು ಇಬ್ಬರು ಶಂಕಿತರ ಫೋಟೋ ಬಿಟ್ರು, ಮಸುಕು ಮಸುಕು ಫೋಟೋ, ತಲೆ ಮೇಲೆ ಟೋಪಿ ಬೇರೆ. ಸಾಕಲ್ಲ, ರೆಡಿಟ್ ಅಂತ ಜನ ಚರ್ಚೆ ಮಾಡೋ ಒಂದು ವೆಬ್‌ಸೈಟ್ ಇದೆ, ಅದರಲ್ಲಿ, ಟ್ವಿಟರ್‌ನಲ್ಲಿ ಕೂತವರೆಲ್ಲ ಪತ್ತೇದಾರರಾಗಿಬಿಟ್ರು. ತಿಂಗಳ ಹಿಂದೆ ಕಾಣೆಯಾಗಿದ್ದ ಒಬ್ಬ ಕಾಲೇಜು ಹುಡುಗನ ಫೋಟೋ ತಂದು ಪಕ್ಕದಲ್ಲಿಟ್ಟು, ಮೂಗು ನೋಡಿ, ಹುಬ್ಬು ನೋಡಿ, ಇವನೇ ಅಂತ ತೀರ್ಮಾನ ಮಾಡಿದ್ರು. ಪಾಪ, ಅವನ ಮನೆಯವರು ಮಗನನ್ನ ಹುಡುಕೋಕೆ ಅಂತ ಒಂದು ಫೇಸ್‌ಬುಕ್ ಪೇಜ್ ಮಾಡ್ಕೊಂಡಿದ್ರು, ನೋಡಿದವರು ತಿಳಿಸಿ ಅಂತ. ಅದಕ್ಕೇ ನುಗ್ಗಿ ಬಾಯಿಗೆ ಬಂದಂಗೆ ಬೈದ್ರು. ತಡೀಲಾರದೆ ಅವರು ಪೇಜ್ ತೆಗೆದ್ರೆ, ನೋಡಿ ಏನೋ ಬಚ್ಚಿಡ್ತಿದಾರೆ ಅಂತ ಅದಕ್ಕೂ ಒಂದು ಅರ್ಥ! ಮೇಲೆ ಪತ್ರಕರ್ತರು ರಾತ್ರಿಯೆಲ್ಲ ಮನೆಗೆ ಫೋನ್ ಮೇಲೆ ಫೋನ್. ಪೊಲೀಸ್ ವೈರ್‌ಲೆಸ್‌ನಲ್ಲಿ ಆ ಹುಡುಗನ ಹೆಸರು ಕೇಳ್ತಂತೆ ಅಂತ ಯಾರೋ ಹಾಕಿದ್ರು, ಅಂತೆ ಅಂದದ್ದು ಮುಂದಿನವನ ಬಾಯಲ್ಲಿ ಹೌದು ಆಯ್ತು.

ಬೆಳಗಾಯ್ತು. 19ಕ್ಕೆ ಗೊತ್ತಾಯ್ತು, ಶಂಕಿತರು ಬೇರೆ ಯಾರೋ ಇಬ್ಬರು ಅಣ್ಣತಮ್ಮಂದಿರು. ಈ ಹುಡುಗನಿಗೂ ಬಾಂಬಿಗೂ ಏನೇನೂ ಸಂಬಂಧ ಇಲ್ಲ. 23ಕ್ಕೆ ಅವನ ಹೆಣ ನದಿಯಲ್ಲಿ ಸಿಕ್ತು, ಬಾಂಬ್ ಸಿಡಿಯೋಕೆ ಮುಂಚೇನೇ ಅವನು ತೀರಿಹೋಗಿದ್ದ. ಈಗ ನೀವೇ ಲೆಕ್ಕ ಹಾಕಿ, ಫೋಟೋ ಬಂದದ್ದು ಸಂಜೆ, ನಿಜ ಬಂದದ್ದು ಬೆಳಗ್ಗೆ, ಮಧ್ಯೆ ಇದ್ದದ್ದು ಒಂದೇ ಒಂದು ರಾತ್ರಿ. ರೆಡಿಟ್‌ನೋರು ಆಮೇಲೆ ಕ್ಷಮೆ ಕೇಳಿದ್ರು, ಕೇಳಲಿ ಬಿಡಿ.

ಇದನ್ನ ಹೇಳಿದಾಗೆಲ್ಲ ಯಾರಾದ್ರೂ ಒಬ್ರು ಎದ್ದು, ಸಾರ್ ನಿಜವಾಗ್ಲೂ ತಪ್ಪು ಮಾಡಿದ್ರೆ ಸುಮ್ನಿರ್ಬೇಕಾ, ಬೆಂಕಿ ಇಲ್ಲದೆ ಹೊಗೆ ಬರುತ್ತಾ ಅಂತಾರೆ. ಅಲ್ಲಾ ಸ್ವಾಮಿ, ತಪ್ಪು ಮಾಡಿದ್ರೆ ಅದು ಬೆಳಗ್ಗೆಗೂ ತಪ್ಪೇ ಆಗಿರುತ್ತೆ, ಎಲ್ಲಿಗೂ ಓಡಿಹೋಗಲ್ಲ. ನಿಮಗ್ಯಾಕೆ ಅಷ್ಟು ಅವಸರ?

ಅವಸರ ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳೋಣ ಅಂತಿದ್ದೆ, ಟೈಮ್ ಆಗ್ತಿದೆ ಅಂತ ಗಾಜಿನ ಆಚೆಯಿಂದ ಕೈ ತೋರಿಸ್ತಿದಾರೆ, ಬೇಗ ಹೇಳ್ತೀನಿ. ಟ್ವಿಟರ್‌ಗೆ ರೀಟ್ವೀಟ್ ಬಟನ್ ಬಂದದ್ದು 2009ರಲ್ಲಿ. ಅದಕ್ಕೆ ಮುಂಚೆ ಇನ್ನೊಬ್ರ ಮಾತು ಹಂಚ್ಬೇಕು ಅಂದ್ರೆ ಕಾಪಿ ಮಾಡಿ ಅಂಟಿಸ್ಬೇಕಿತ್ತು, ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರೋದು. ಆ ಬಟನ್ ಕಟ್ಟಿದ ತಂಡದ ಮುಖ್ಯಸ್ಥರೇ 2019ರಲ್ಲಿ, ನಾವು ನಾಲ್ಕು ವರ್ಷದ ಮಗು ಕೈಗೆ ಗುಂಡು ತುಂಬಿದ ಬಂದೂಕು ಕೊಟ್ವೇನೋ ಅಂದ್ರು. ಇನ್ನೊಂದು, 2017ರಲ್ಲಿ ಐದು ಲಕ್ಷಕ್ಕೂ ಹೆಚ್ಚು ಟ್ವೀಟ್ ನೋಡಿ ಒಂದು ಅಧ್ಯಯನ ಮಾಡಿದ್ರು, ನ್ಯಾಯ ಅನ್ಯಾಯದ ಆವೇಶ ಇರೋ ಪದ ಒಂದೊಂದು ಸೇರಿದಂಗೂ ಹಂಚಿಕೆ ಸುಮಾರು 20% ಏರುತ್ತೆ. ನಾಚಿಕೆಗೇಡು, ದ್ರೋಹ, ಇಂಥವು. ಹಂಗಾಗಿ ನಿಮ್ಮ ಕಣ್ಣಿಗೆ ಮೊದಲು ಬೀಳೋದೇ ಕೂಗಾಡೋ ಪೋಸ್ಟು. ಅದಕ್ಕೇ ಮತ್ತೆ ಹೇಳ್ತಿರೋದು, ಒಂದು ರಾತ್ರಿ ತಡೀರಿ.

ಈಗಾಗ್ಲೇ ಕಳಿಸಿಬಿಟ್ಟಿದೀನಿ, ಸುಳ್ಳು ಅಂತ ಆಮೇಲೆ ಗೊತ್ತಾಯ್ತು ಅನ್ನೋರಿದ್ರೆ, ಸುಮ್ನೆ ಡಿಲೀಟ್ ಒತ್ತಿ ಕೂರ್ಬೇಡಿ, ಸ್ಕ್ರೀನ್‌ಶಾಟ್ ತಗೊಂಡವರಿಗೆ ಅದರಿಂದ ಏನೂ ಗೊತ್ತಾಗಲ್ಲ. ಅದೇ ಗ್ರೂಪಲ್ಲಿ, ಆವತ್ತು ನಾನು ಕಳಿಸಿದ್ದು ಸುಳ್ಳು, ಆ ಮನುಷ್ಯ ಏನೂ ಮಾಡಿಲ್ಲ ಅಂತ ಎರಡು ಸಾಲು ಹಾಕಿ. ಇದಕ್ಕೆ ಮಾತ್ರ ರಾತ್ರಿ ಕಾಯೋದು ಬೇಡ, ಈಗಲೇ ಹಾಕಬಹುದು. ನಮಸ್ಕಾರ.