‘ದೊಡ್ಡವರಿಗೆ ಯಾವಾಗ ಬರೀತೀರಿ?’

ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನ ಮೇಷ್ಟ್ರುಗಳು, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವರು, ಬರೆಯುವವರು, ಮೂರೂ ಬಗೆಯ ಜನ ಇಲ್ಲಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹದಿಹರೆಯದವರಿಗೆ ಕಾದಂಬರಿ ಬರೆಯುವ ಒಬ್ಬರನ್ನು ಮದುವೆಮನೆಯಲ್ಲಿ ಯಾರಿಗಾದರೂ ಪರಿಚಯ ಮಾಡಿಸಿ ನೋಡಿ. ‘ಇವರು ಕಾದಂಬರಿ ಬರೀತಾರೆ’ ಅಂದ ಕೂಡಲೇ ಎದುರಿನವರ ಮುಖ ಅರಳುತ್ತದೆ. ‘ಹೈಸ್ಕೂಲು, ಪಿಯುಸಿ ಹುಡುಗರಿಗೆ’ ಅಂತ ಸೇರಿಸಿದಿರೋ, ಅರಳಿದ ಮುಖ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ದನಿ ಮೆತ್ತಗಾಗುತ್ತದೆ. ‘ಓ, ಮಕ್ಕಳ ಸಾಹಿತ್ಯನಾ? ಒಳ್ಳೇ ಕೆಲಸ ಬಿಡಿ.’

ಆ ‘ಬಿಡಿ’ ಎಲ್ಲಿಂದ ಬಂತು ಅನ್ನುವುದೇ ಇವತ್ತಿನ ನನ್ನ ಮಾತು.

ಅದರ ಹಿಂದೆಯೇ ಬರುವ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ‘ಮುಂದೆ ದೊಡ್ಡವರಿಗೂ ಬರೀತೀರಲ್ಲ?’ ‘ಈಗಿನ ಮಕ್ಕಳು ಎಲ್ಲಿ ಓದ್ತಾರೆ, ಅದೂ ಕನ್ನಡದಲ್ಲಿ?’ ‘ನೀತಿ ಏನು ಇದರಲ್ಲಿ?’ ‘ಲವ್ವುಗಿವ್ವು ಇಲ್ಲ ತಾನೆ?’ ‘ನಮ್ಮ ಮಗ ಮೊಬೈಲ್ ಬಿಡೋ ಹಾಗೆ ಒಂದು ಬರೀರಿ.’ ಕೇಳುವವರಲ್ಲಿ ಒಬ್ಬರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಇದನ್ನೇ ಮುಖಕ್ಕೆ ಹೊಡೆದ ಹಾಗೆ ಹೇಳಿದವರಿದ್ದಾರೆ. ಕಾದಂಬರಿಕಾರ ಮಾರ್ಟಿನ್ ಏಮಿಸ್ 2011ರಲ್ಲಿ ಬಿಬಿಸಿಯಲ್ಲಿ ಕೂತು, ಮೆದುಳಿಗೆ ಬಲವಾದ ಪೆಟ್ಟು ಬಿದ್ದರೆ ತಾನೂ ಮಕ್ಕಳ ಪುಸ್ತಕ ಬರೆದೇನು ಅನ್ನುವ ಅರ್ಥದ ಮಾತಾಡಿದ. ಅಲ್ಲಿನ ಲೇಖಕರು ಸುಮ್ಮನೆ ಬಿಡಲಿಲ್ಲ, ಸರಿಯಾಗಿ ಜಗಳವಾಡಿದರು. ನಮ್ಮಲ್ಲಿ ಯಾರೂ ಅಷ್ಟು ಒರಟಾಗಿ ಮಾತಾಡುವುದಿಲ್ಲ. ‘ಒಳ್ಳೇ ಕೆಲಸ’ ಅಂದವರ ಜೊತೆ ಜಗಳವಾಡುವುದಾದರೂ ಹೇಗೆ?

ಕನ್ನಡಕ್ಕೆ ಮಕ್ಕಳಿಗಾಗಿ ಬರೆಯುವವರ ಮೇಲೆ ಗೌರವವಿಲ್ಲ ಅಂತ ಮಾತ್ರ ಹೇಳಬೇಡಿ. ಪಂಜೆ, ರಾಜರತ್ನಂ ಅವರ ಹೆಸರು ಗೊತ್ತಿಲ್ಲದ ಮನೆ ಯಾವುದು? ಕುವೆಂಪು ಕಿಂದರಿಜೋಗಿ ಬರೆದರು, ಕಾರಂತರು ‘ಬಾಲ ಪ್ರಪಂಚ’ ಕಟ್ಟಿದರು. ಆದರೆ ಒಂದನ್ನು ಗಮನಿಸಿ. ಆ ಪದ್ಯಗಳು ಪುಟ್ಟ ಮಕ್ಕಳಿಗೆ, ಆ ಸಂಪುಟಗಳು ಲೋಕಜ್ಞಾನಕ್ಕೆ. ಹದಿನಾಲ್ಕರ ಹುಡುಗನಿಗೆ, ಹದಿನಾರರ ಹುಡುಗಿಗೆ ಅಂತಲೇ ಬರೆದ ಕಾದಂಬರಿಗಳು ಆಗ ಬಹಳ ಕಡಿಮೆ. ಅವರು ಏನು ಓದಿದರು? ಎನ್. ನರಸಿಂಹಯ್ಯನವರ ಪತ್ತೇದಾರಿ ಓದಿದರು, ವಾರಪತ್ರಿಕೆಯ ಧಾರಾವಾಹಿಯನ್ನು ಅಮ್ಮನಿಗಿಂತ ಮೊದಲು ಓದಿದರು. 1980ರ ನಂತರ ‘ಕರ್ವಾಲೊ’ ಓದಿದರು. ಇವು ಯಾವುವೂ ಅವರಿಗೆಂದೇ ಬರೆದವಲ್ಲ. ಅವರಾಗಿ ಹುಡುಕಿಕೊಂಡರು. ಹಾಗೆ ಹುಡುಕಿಕೊಳ್ಳಬಲ್ಲ ಓದುಗರು ಇದ್ದೇ ಇದ್ದರು, ಕಪಾಟು ಇರಲಿಲ್ಲ. ಕಪಾಟೇ ಇಲ್ಲದ ಮೇಲೆ ಅದಕ್ಕೆ ಬರೆಯುವವರನ್ನು ಎಲ್ಲಿ ಕೂರಿಸಬೇಕು ಅಂತ ಜನಕ್ಕೆ ತೋಚುವುದಿಲ್ಲ. ಆ ತಬ್ಬಿಬ್ಬಿನಿಂದ ಹುಟ್ಟಿದ್ದು ಆ ‘ಬಿಡಿ’.

ನಮ್ಮ ಭಾಷೆ ಮಾತ್ರ ಈ ವಯಸ್ಸನ್ನು ಸರಿಯಾಗಿ ಗುರುತಿಸಿಟ್ಟಿದೆ. ಎಣಿಸಿ ನೋಡಿ. ಹನ್ನೊಂದು, ಹನ್ನೆರಡು. ಅಲ್ಲಿಂದ ಹದಿಮೂರು, ಹದಿನಾಲ್ಕು, ಹದಿನೈದು, ಹದಿನಾರು, ಹದಿನೇಳು, ಹದಿನೆಂಟು. ಮುಂದಿನದು ಹತ್ತೊಂಬತ್ತು. ‘ಹದಿ’ ಹದಿಮೂರಕ್ಕೆ ಶುರುವಾಗಿ ಹದಿನೆಂಟಕ್ಕೆ ಮುಗಿಯುತ್ತದೆ. ಇಂಗ್ಲಿಷಿನ ‘ಟೀನ್’ ಲೆಕ್ಕ ಹತ್ತೊಂಬತ್ತರವರೆಗೂ ಹೋಗುತ್ತದೆ, ಕನ್ನಡದ್ದು ಪಿಯುಸಿ ಮುಗಿಯುವ ವಯಸ್ಸಿಗೇ ನಿಲ್ಲುತ್ತದೆ. ಆರು ವರ್ಷ. ಆ ಆರು ವರ್ಷದ ಓದುಗನ ಗುಣ ಒಂದೇ, ಅದನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ. ಹದಿಹರೆಯದ ಓದುಗ ದಾಕ್ಷಿಣ್ಯಕ್ಕೆ ಓದುವುದಿಲ್ಲ. ನಾವು ನೀವು ಪರಿಚಯದವರ ಪುಸ್ತಕ ಅಂತ ನೂರು ಪುಟ ತಳ್ಳುತ್ತೇವೆ. ಅವನು ಏಳನೇ ಪುಟದಲ್ಲಿ ಮಡಚಿಟ್ಟು ಎದ್ದು ಹೋಗುತ್ತಾನೆ. ಕಾರಣವನ್ನೂ ಹೇಳುವುದಿಲ್ಲ.

ಹಾಗಾದರೆ ಅವನು ಎಲ್ಲಿ ಎದ್ದು ಹೋಗುತ್ತಾನೆ? ಒಂದು ಜಾಗವನ್ನು ಹತ್ತಿರದಿಂದ ತೋರಿಸುತ್ತೇನೆ. ಹತ್ತನೇ ಕ್ಲಾಸು ಮುಗಿಸಿದ ಹುಡುಗ ಪಿಸಿಎಂಬಿ ಬಿಟ್ಟು ಆರ್ಟ್ಸ್ ಸೇರಬೇಕು ಅಂತಿದ್ದಾನೆ. ಸಾಮಾನ್ಯವಾಗಿ ಹಸ್ತಪ್ರತಿಗಳಲ್ಲಿ ಹೀಗಿರುತ್ತದೆ:

‘ಅಂದು ನಾನು ಮಾಡಿದ ತಪ್ಪು ಎಷ್ಟು ದೊಡ್ಡದೆಂದು ಅರಿವಾಗಲು ಇನ್ನೂ ಹಲವು ವರ್ಷಗಳು ಬೇಕಿದ್ದವು. ಹರೆಯದ ಹುಂಬತನ! ಅಪ್ಪನ ಮನಸ್ಸು ನೋಯಿಸಿ ಕಲಾ ವಿಭಾಗಕ್ಕೆ ಸೇರಿದೆ.’

ಅದೇ ಸನ್ನಿವೇಶ ಹೀಗೂ ಇರಬಹುದು, ಎಚ್‌ಇಪಿಎಸ್ ಅಂದರೆ ಆರ್ಟ್ಸಿನ ಒಂದು ವಿಷಯಗಳ ಗುಂಪು:

‘ಫಾರ್ಮಿನಲ್ಲಿ ಎಚ್‌ಇಪಿಎಸ್ ಅಂತ ಬರೆದಿದ್ದನ್ನು ಅಪ್ಪ ಎರಡು ಸಲ ಓದಿದರು. ಪೆನ್ನಿಗೆ ಕ್ಯಾಪು ಹಾಕಿದರು. ಸಹಿ ಮಾಡಲಿಲ್ಲ. ಊಟ ಆಯ್ತಾ ಅಂದರು. ಆಗಿರಲಿಲ್ಲ. ಆಯ್ತು ಅಂದೆ.’

ಮೊದಲನೆಯದರಲ್ಲಿ ಹದಿನಾರರ ಹುಡುಗನ ಕುರ್ಚಿಯಲ್ಲಿ ನಲವತ್ತರ ಗೃಹಸ್ಥರು ಕೂತಿದ್ದಾರೆ. ಓದುಗ ಒಳಗೆ ಕಾಲಿಡುವ ಮೊದಲೇ ತೀರ್ಪು ಆಗಿಹೋಗಿದೆ. ಎರಡನೆಯದರಲ್ಲಿ ಅಪ್ಪ ಸರಿಯೋ ಮಗ ಸರಿಯೋ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ, ಹೇಳುತ್ತಿರುವ ಹುಡುಗನಿಗೂ ಗೊತ್ತಿಲ್ಲ. ಹದಿಹರೆಯದ ಕಾದಂಬರಿಗೂ ಬಾಲ್ಯದ ನೆನಪಿಗೂ ಇರುವ ವ್ಯತ್ಯಾಸ ಪೂರ್ತಿ ಇಷ್ಟೇ. ಬಾಲ್ಯದ ನೆನಪು ಕನ್ನಡದ ಸೊಗಸಾದ ಪ್ರಕಾರ, ಆದರೆ ಅದು ದೊಡ್ಡವರಿಗೆ. ಪಾತ್ರಕ್ಕೆ ಹದಿನೈದು ಅಂದ ಮಾತ್ರಕ್ಕೆ ಪುಸ್ತಕ ಹದಿನೈದರವರದ್ದು ಆಗುವುದಿಲ್ಲ. ಬರೆದದ್ದನ್ನು ಪರೀಕ್ಷಿಸಲು ಸುಲಭದ ದಾರಿಯಿದೆ. ಕೆಂಪು ಪೆನ್ನು ಹಿಡಿದು ‘ಆಗ ನನಗೆ ತಿಳಿಯಲಿಲ್ಲ’, ‘ಇಂದು ನೆನೆದರೆ’, ‘ಪಾಪ’, ‘ಹುಡುಗಾಟಿಕೆ’, ಇಂಥವನ್ನೆಲ್ಲ ಹೊಡೆದು ಹಾಕಿ. ಆಮೇಲೂ ಕಥೆ ನಿಂತರೆ ಸರಿ. ಕುಸಿದರೆ, ನೀವು ಬರೆದದ್ದು ನಿಮ್ಮ ಓರಗೆಯವರಿಗೆ.

ಪಾತ್ರದ ವಯಸ್ಸಿನ ವಿಷಯ ಬಂತಲ್ಲ. ಮಕ್ಕಳು ತಮಗಿಂತ ಎರಡು ವರ್ಷ ದೊಡ್ಡವರ ಕಥೆ ಓದಲು ಇಷ್ಟಪಡುತ್ತಾರೆ, ಚಿಕ್ಕವರದ್ದನ್ನು ಮುಟ್ಟುವುದಿಲ್ಲ. ಎಂಟನೇ ಕ್ಲಾಸಿನವರು ಓದಬೇಕು ಅಂತಿದ್ದರೆ ನಾಯಕಿ ಹತ್ತನೇ ಕ್ಲಾಸಿನಲ್ಲಿರಲಿ.

ಈಗ ‘ಇವರೆಲ್ಲಿ ಓದ್ತಾರೆ’ ಅನ್ನುವ ಮಾತು. ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ, ಸ್ವಲ್ಪ ಉದ್ದ, ಕೇಳಿ. ಅಮೆರಿಕದ ಟಲ್ಸಾ ಊರಿನಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ತನ್ನ ಶಾಲೆಯ ಎರಡು ಗುಂಪುಗಳ ಹೊಡೆದಾಟದ ಮೇಲೆ ಕಾದಂಬರಿ ಬರೆದಳು. ಶುರು ಮಾಡಿದಾಗ ಅವಳಿಗೆ ಹದಿನೈದು. ಬರೆಯುತ್ತಿದ್ದ ವರ್ಷ ಶಾಲೆಯ ಸೃಜನಶೀಲ ಬರವಣಿಗೆಯ ವಿಷಯದಲ್ಲಿ ಅವಳಿಗೆ ಸಿಕ್ಕಿದ್ದು ಡಿ ಗ್ರೇಡು! 1967ರಲ್ಲಿ ‘ದಿ ಔಟ್‌ಸೈಡರ್ಸ್’ ಅಂತ ಪುಸ್ತಕ ಬಂತು. ಹುಡುಗಿ ಬರೆದದ್ದು ಅಂದರೆ ವಿಮರ್ಶಕರು ಪಕ್ಕಕ್ಕಿಡುತ್ತಾರೆ ಅಂತ ಪ್ರಕಾಶಕರು ಬರೀ ಇನಿಷಿಯಲ್ಲು ಹಾಕಿಸಿದರು. ಎಸ್.ಇ. ಹಿಂಟನ್. ಇಲ್ಲಿಗೆ ಅರ್ಧ ಆಯಿತು.

ಉಳಿದರ್ಧ ಕ್ಯಾಲಿಫೋರ್ನಿಯಾದ ಫ್ರೆಸ್ನೊದ್ದು. ಅಲ್ಲಿನ ಲೋನ್ ಸ್ಟಾರ್ ಅನ್ನುವ ಶಾಲೆಯ ಲೈಬ್ರರಿಯನ್ ಒಬ್ಬರು ನೋಡುತ್ತಾರೆ, ಪುಸ್ತಕ ಅಂದರೆ ಓಡುವ ಹುಡುಗರು ಇದೊಂದನ್ನು ಮಾತ್ರ ಓದುತ್ತಿದ್ದಾರೆ. ಹನ್ನೆರಡು, ಹದಿಮೂರು, ಹದಿನಾಲ್ಕರ ಮಕ್ಕಳು. ಇದು ಸಿನಿಮಾ ಆಗಬೇಕು ಅಂತ ಆ ಮಕ್ಕಳಿಗೆ ಅನ್ನಿಸಿತು. 1980ರಲ್ಲಿ ಆ ಲೈಬ್ರರಿಯನ್ ಕಾಗದ ಬರೆದರು, ಮಕ್ಕಳು ಸಹಿ ಹಾಕಿದರು, ಜೊತೆಗೆ ಪುಸ್ತಕದ ಒಂದು ಪ್ರತಿ ಇಟ್ಟು ಕಳಿಸಿದರು. ಯಾರಿಗೆ? ‘ಗಾಡ್‌ಫಾದರ್’ ಮಾಡಿದ ಫ್ರಾನ್ಸಿಸ್ ಫೋರ್ಡ್ ಕಪೋಲಾಗೆ! ಅವನು ಓದಿದ. 1983ರಲ್ಲಿ ಸಿನಿಮಾ ಬಂತು. ಈ ಸಿನಿಮಾ ಮಾಡಿ ಅಂತ ಮೊದಲು ಸೂಚಿಸಿದವರಿಗೆ ಅರ್ಪಣೆ ಅಂತ ಆ ಲೈಬ್ರರಿಯನ್ ಮತ್ತು ಶಾಲೆಯ ಮಕ್ಕಳ ಹೆಸರಿನಲ್ಲಿ ಪರದೆಯ ಮೇಲೆ ಹಾಕಿದ. ದಾಕ್ಷಿಣ್ಯಕ್ಕೆ ಓದದವರು ಮೆಚ್ಚಿದರೆ ಎಷ್ಟು ದೂರ ಹೋಗುತ್ತಾರೆ ನೋಡಿ. ಗ್ರಂಥಾಲಯದವರು ಇದನ್ನು ನೆನಪಿಟ್ಟುಕೊಳ್ಳಬೇಕು ಅಂತಲೇ ಇಷ್ಟು ಉದ್ದಕ್ಕೆ ಹೇಳಿದೆ. ಪುಸ್ತಕ ಬಂದು ಹದಿಮೂರು ವರ್ಷವಾದ ಮೇಲೆ ಅದನ್ನು ಎತ್ತಿ ಹಿಡಿದದ್ದು ಒಂದು ಶಾಲೆಯ ಲೈಬ್ರರಿ.

ಕನ್ನಡದಲ್ಲೂ ಕಪಾಟು ನಿಧಾನಕ್ಕೆ ತುಂಬುತ್ತಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 2021ರಲ್ಲಿ ಬಸು ಬೇವಿನಗಿಡದ, 2023ರಲ್ಲಿ ವಿಜಯಶ್ರೀ ಹಾಲಾಡಿ ಅದನ್ನು ಪಡೆದದ್ದು ಕಾದಂಬರಿಗಳಿಗೇ. ಆದರೂ ಸಮ್ಮೇಳನಗಳಲ್ಲಿ ಮಕ್ಕಳ ಸಾಹಿತ್ಯದ ಗೋಷ್ಠಿ ಇರುವುದು ಊಟ ಆದ ಮೇಲೆ, ಅರ್ಧ ಸಭೆ ತೂಕಡಿಸುವಾಗ. ಇದು ನನಗೆ ಸಂಕಟದ ವಿಷಯ.

‘ನೀತಿ ಏನು?’ ಇದನ್ನು ಕೇಳುವವರು ಪುಸ್ತಕ ಕೊಳ್ಳುವವರು, ಓದುವವರಲ್ಲ. ಈ ವ್ಯಾಪಾರದ ತೊಡಕೇ ಅದು. ದುಡ್ಡು ಅಪ್ಪನದ್ದು, ಆಯ್ಕೆ ಮೇಷ್ಟ್ರದ್ದು ಅಥವಾ ಇಲಾಖೆಯದ್ದು, ಓದು ಮಾತ್ರ ಹುಡುಗನದ್ದು. ಕೊಳ್ಳುವವರನ್ನು ಮೆಚ್ಚಿಸಲು ಕೊನೇ ಅಧ್ಯಾಯದಲ್ಲಿ ಅಜ್ಜನ ಬಾಯಿಂದ ಒಂದು ಭಾಷಣ ಮಾಡಿಸುತ್ತೇವೆ. ಓದುಗ ಅಜ್ಜ ಗಂಟಲು ಸರಿಮಾಡಿಕೊಳ್ಳುವಾಗಲೇ ಎದ್ದು ಹೋಗಿರುತ್ತಾನೆ.

‘ಲವ್ ಇದೆಯಾ?’ ಇದೆ, ಇರಲೇಬೇಕು, ಆ ವಯಸ್ಸಿನಲ್ಲಿ ಅದು ಇದೆ. ಜವಾಬ್ದಾರಿಯೂ ಇದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಬರೆಯುವಾಗ ದೇಹದ ವರ್ಣನೆಗೆ ಕೈ ಹಾಕುವ ಅಗತ್ಯವೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅವಳು ಬರುವ ಬಸ್ಸಿಗಾಗಿ ತನ್ನೂರಿನ ಎರಡು ಬಸ್ಸು ಬಿಟ್ಟು ನಿಂತ ಹುಡುಗನನ್ನು ಬರೆಯಿರಿ. ಅದು ಸಾಕು, ಅವರಿಗೆ ಅರ್ಥವಾಗುತ್ತದೆ.

ಮೊಬೈಲು ಕಥೆಗಳನ್ನು ಕೊಂದುಬಿಟ್ಟಿದೆ ಅಂತಲೂ ಲೇಖಕರೇ ಹೇಳುತ್ತಾರೆ. ನಿಜ, ಕಾಡಿನಲ್ಲಿ ದಾರಿ ತಪ್ಪಿದರು ಅಂತ ಬರೆದರೆ ‘ಲೊಕೇಶನ್ ಯಾಕೆ ಕಳಿಸಲಿಲ್ಲ’ ಅಂತ ಮೊದಲ ಪ್ರಶ್ನೆ ಬರುತ್ತದೆ! ಮೊಬೈಲು ಅಡ್ಡ ಬರದ ಕಥೆಗೆ ನಮ್ಮಲ್ಲಿ ಸಹಜವಾದ ಜಾಗಗಳಿವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ನವೋದಯ, ಹಾಸ್ಟೆಲ್ಲು. ಅಪ್ಪ ಅಮ್ಮ ದೂರ, ಜೊತೆಯವರೇ ಎಲ್ಲ, ತೀರ್ಮಾನವನ್ನು ತಾವೇ ತೆಗೆದುಕೊಳ್ಳಬೇಕು. ಮಲೆನಾಡಿನಲ್ಲಿ ನೆಟ್‌ವರ್ಕ್ ಸಿಗದ ಮೂಲೆಗಳಿಗೂ ಬರವಿಲ್ಲ.

ಹತ್ತು ನಿಮಿಷ ಅಂತ ಚೀಟಿ ಬಂದಿದೆ. ಮಾತಿನ ಭಾಷೆಯ ಬಗ್ಗೆ ಒಂದೇ ವಾಕ್ಯ: ‘ಮಗಾ’, ‘ಮಚ್ಚಾ’ಗಳನ್ನು ಉಪ್ಪಿನಷ್ಟೇ ಹಾಕಿ, ಪುಸ್ತಕ ಅಚ್ಚಾಗಿ ಬರುವಷ್ಟರಲ್ಲಿ ಹುಡುಗರ ಮಾತು ಬದಲಾಗಿರುತ್ತದೆ.

ಓದಿಸಿ ನೋಡುವ ಕ್ರಮ ಹೇಳಿಬಿಡುತ್ತೇನೆ. ಮೊದಲ ಮೂವತ್ತು ಪುಟ ಐದು ಮಕ್ಕಳಿಗೆ ಕೊಡಿ, ಬರೆದವರ ಹೆಸರು ತೆಗೆದು. ‘ಚೆನ್ನಾಗಿದೆಯಾ?’ ಅಂತ ಕೇಳಬೇಡಿ, ಹಿರಿಯರು ಕೇಳಿದರೆ ಹೂಂ ಅನ್ನುತ್ತಾರೆ. ‘ಎಲ್ಲಿ ನಿಲ್ಲಿಸಿದೆ?’ ಅಂತ ಕೇಳಿ, ಪೆನ್ಸಿಲಿನಲ್ಲಿ ಗುರುತು ಹಾಕಿಸಿ. ಮೂವರು ಒಂದೇ ಪುಟದಲ್ಲಿ ನಿಂತಿದ್ದರೆ ತಪ್ಪು ಆ ಪುಟದಲ್ಲಿರುವುದಿಲ್ಲ, ಸಾಮಾನ್ಯವಾಗಿ ಎರಡು ಪುಟ ಹಿಂದೆ ಇರುತ್ತದೆ.

ಉದ್ದ. ಡೆಮಿ ಅಷ್ಟದಳದ, ಅಂದರೆ ಕಾದಂಬರಿಗಳ ಮಾಮೂಲಿ ಅಳತೆಯ, ಪುಟಕ್ಕೆ 12 ಪಾಯಿಂಟಿನ ಅಕ್ಷರದಲ್ಲಿ ಸುಮಾರು 200 ಪದ. ಹದಿನಾರು ಪುಟದ ಎಂಟು ಫಾರಂ ಅಂದರೆ 128 ಪುಟ, ಮುನ್ನುಡಿ ಇತ್ಯಾದಿ ಕಳೆದು ಇಪ್ಪತ್ನಾಲ್ಕು ಸಾವಿರ ಪದ. ಇಂಗ್ಲಿಷಿನವರ ಐವತ್ತು ಸಾವಿರ ನೋಡಿ ಕಂಗಾಲಾಗಬೇಡಿ. ನಮ್ಮ ‘ಹೋಗಬೇಕಾಗಿತ್ತಂತೆ’ ಒಂದೇ ಪದ, ಅವರಿಗೆ ಅದು ಅರ್ಧ ಸಾಲು. ‘ಮಕ್ಕಳ ಪುಸ್ತಕ ತೆಳ್ಳಗಿರಲಿ’ ಅಂತ 64 ಪುಟಕ್ಕೆ ಇಳಿಸಿ, ದಪ್ಪ ಅಕ್ಷರ ಹಾಕಿ, ಮುಖಪುಟಕ್ಕೆ ನಗುವ ಮೊಲ ಬರೆಸಿದರೆ ಹತ್ತನೇ ಕ್ಲಾಸಿನವಳು ಅದನ್ನು ಬಸ್ಸಿನಲ್ಲಿ ಕೈಯಲ್ಲಿ ಹಿಡಿಯುವುದಿಲ್ಲ. ಬೆನ್ನುಡಿ ಪೋಷಕರನ್ನು ಉದ್ದೇಶಿಸಿದ್ದರೂ ಹಾಗೆಯೇ.

ಸಮಯ ಮುಗಿಯಿತು, ಗ್ರಂಥಾಲಯದವರಿಗೆ ಒಂದು ಮಾತು ಉಳಿದಿದೆ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳ ಸದಸ್ಯತ್ವ ಉಚಿತವಾದದ್ದರಿಂದ ಹೈಸ್ಕೂಲಿನವರೂ ಒಳಗೆ ಬರುತ್ತಿದ್ದಾರೆ. ಅವರ ಕಾದಂಬರಿಗಳನ್ನು ಚಿತ್ರಪುಸ್ತಕಗಳ ಪಕ್ಕ ಇಡಬೇಡಿ, ತಮ್ಮನ ಜೊತೆ ನಿಂತು ಪುಸ್ತಕ ಆರಿಸಲು ಅವರಿಗೆ ಸಂಕೋಚ. ದೊಡ್ಡವರ ಕಾದಂಬರಿಗಳ ಕಪಾಟಿನಲ್ಲೇ ಎರಡು ಸಾಲು ಬಿಡಿಸಿ, ನಿಮ್ಮ ಮೇಜಿನಿಂದ ನೇರವಾಗಿ ಕಾಣದ ಕಡೆ. ಯಾವುದನ್ನು ತೆಗೆದೆ, ಯಾಕೆ ತೆಗೆದೆ ಅಂತ ಕೇಳಬೇಡಿ. ರಿಜಿಸ್ಟರಿನಲ್ಲಿ ನಂಬರು ಬರೆದುಕೊಂಡು ಕೊಟ್ಟುಬಿಡಿ.