ಬೆಕ್ಕಿಗೊಂದು ಕಂಬ ಬೇಕು

ಎಲ್ಲರಿಗೂ ನಮಸ್ಕಾರ.

ಬೆಕ್ಕಿನ ಊಟದ ಬಗ್ಗೆ ಮಾತಾಡಿ ಅಂತ ಕರೆದಿದ್ದರು. ಕ್ಷಮಿಸಿ, ವಿಷಯ ಬದಲಾಯಿಸುತ್ತಿದ್ದೇನೆ. ಹೋದ ವಾರ ಇಲ್ಲೇ ಮೈಸೂರಿನ ದಂಪತಿ ಬೆಕ್ಕನ್ನು ಬುಟ್ಟಿಯಲ್ಲಿ ತಂದು, "ಡಾಕ್ಟ್ರೇ, ಇದರ ಉಗುರು ಪೂರ್ತಿ ತೆಗೆದುಬಿಡಿ, ಹೊಸ ಸೋಫಾ ಹಾಳಾಯ್ತು" ಅಂದರು. ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಇದೆ.

ಬೆಕ್ಕಿನ ಉಗುರು ಬೆರಳಿನ ಕೊನೆಯ ಮೂಳೆಯಿಂದಲೇ ಬೆಳೆಯುತ್ತದೆ. ಮತ್ತೆ ಬರಬಾರದು ಅಂದರೆ ಆ ಮೂಳೆಯನ್ನೇ ಕಡಿಯಬೇಕು. ನಿಮ್ಮ ಬೆರಳ ತುದಿಯ ಗೆಣ್ಣನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ಅಲ್ಲಿಗೆ ಕಡಿದ ಹಾಗೆ. ಮುಂಗಾಲಿಗೆ ಮಾತ್ರ ಮಾಡಿದರೂ ಹತ್ತು ಗೆಣ್ಣು! ಇಸ್ರೇಲ್ 2011ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯ 2019ರಲ್ಲಿ ಇದನ್ನು ನಿಷೇಧಿಸಿದವು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಪ್ರಾಣಿಯನ್ನು ಅಂಗಹೀನ ಮಾಡುವುದು ಅಪರಾಧ. ಬೆರಳಲ್ಲಿ ಗಡ್ಡೆ ಆಗಿದ್ದರೆ ಮಾತು ಬೇರೆ. ಸೋಫಾಕ್ಕೋಸ್ಕರ ಅಲ್ಲ.

ನನಗೆ ಈ ಪಾಠ ಕಾಲೇಜಿಗಿಂತ ಮೊದಲು ಕಲಿಸಿದ್ದು ನನ್ನ ಅಜ್ಜಿ. ಪಾಂಡವಪುರದ ಹತ್ತಿರ ತೊಟ್ಟಿಮನೆ. ಕರೀಬೆಕ್ಕು ಒಂದಿತ್ತು. ಬೆಳಿಗ್ಗೆ ಎದ್ದ ತಕ್ಷಣ ಹಜಾರದ ಕಂಬಕ್ಕೆ ಮುಂಗಾಲು ಚಾಚಿ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಪರಪರ ಅಂತ ಕೆರೆಯುತ್ತಿತ್ತು. ತಾತ ಮುತ್ತಾತನ ಕಾಲದ ಕಂಬ ಅಂತ ಕೋಲು ಎತ್ತಿಕೊಂಡು ಬರುತ್ತಿದ್ದರು. ಬೆಕ್ಕು ಅಟ್ಟಕ್ಕೆ ಹಾರುತ್ತಿತ್ತು. ತಾತ ಗದ್ದೆಗೆ ಹೋದರೆ ಮತ್ತೆ ಕಂಬಕ್ಕೆ ಹಾಜರು! ಒಂದು ದಿನ ಅಜ್ಜಿ ದನ ಕಟ್ಟುವ ಹಳೇ ಕತ್ತಾಳೆ ಹಗ್ಗ ತಂದು, ತನ್ನ ಸೊಂಟದೆತ್ತರಕ್ಕೆ ಕಂಬಕ್ಕೆ ಬಿಗಿಯಾಗಿ ಸುತ್ತಿದರು. "ಬೇಡ ಅಂದ್ರೆ ಅದಕ್ಕೆ ತಿಳಿಯಲ್ಲ, ಇಲ್ಲಿ ಕೆರಿ ಅಂದ್ರೆ ತಿಳಿಯುತ್ತೆ" ಅಂದರು. ನಾನು ಹಗ್ಗದ ಬುಡದಲ್ಲಿ ಬಿದ್ದ ಉಗುರಿನ ಸಿಪ್ಪೆ ಆರಿಸಿ ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಿದ್ದೆ. ಬಾಗಿದ ಅಕ್ಕಿಕಾಳಿನಷ್ಟು, ಒಳಗೆ ಟೊಳ್ಳು, ಬೆಳಕಿಗೆ ಹಿಡಿದರೆ ಹೊಳೆಯುತ್ತಿತ್ತು.

ಕೆರೆಯುವುದೇ ಅದಕ್ಕೆ. ಉಗುರಿನ ಹಳೇ ಪೊರೆ ಕಳಚಬೇಕು, ನಿದ್ದೆಯಿಂದ ಎದ್ದ ಮೈ ಎಳೆದು ಬಿಡಿಸಬೇಕು. ಜೊತೆಗೆ ಪಾದದ ಗ್ರಂಥಿಗಳ ವಾಸನೆ ಅಂಟಿಸಿ, ಇದು ನನ್ನ ಜಾಗ ಅಂತ ಗುರುತು ಹಾಕಬೇಕು. ನಾಗರಹೊಳೆಯಲ್ಲಿ ಹುಲಿ ಮರ ಕೆರೆಯುವುದೂ ಇದೇ ಕೆಲಸ. ಸಫಾರಿಯಲ್ಲಿ ಆ ಗೀರಿನ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುತ್ತೇವೆ, ಮನೆ ಬೆಕ್ಕಿಗೆ ಚಪ್ಪಲಿ ಎಸೆಯುತ್ತೇವೆ. ಇದು ಸರಿಯಲ್ಲ ಅಲ್ವಾ?

ಹೊಡೆದರೆ ಬೆಕ್ಕು ಕಲಿಯುವುದು ಒಂದೇ: ಇವರು ಇಲ್ಲದಾಗ ಕೆರೆಯಬೇಕು. ಹಾಗಾಗಿ ಮತ್ತೆ ಅಜ್ಜಿಯ ಮಾತಿಗೇ ಬರುತ್ತೇನೆ. ಇಲ್ಲಿ ಕೆರಿ ಅನ್ನಿ. ಅಂಗಡಿಯಲ್ಲಿ ಸಿಸಲ್ ಅಂತ ಮಾರುವುದು ಕತ್ತಾಳೆ ಜಾತಿಯ ನಾರೇ. ಕಂಬ ಮೂರು ಅಡಿಯಾದರೂ ಇರಲಿ, ಬೆಕ್ಕು ಪೂರ್ತಿ ಮೈ ಚಾಚಬೇಕು. ಬುಡ ಭಾರವಾಗಿರಲಿ. ಒಮ್ಮೆ ಅಲ್ಲಾಡಿದರೆ ಮತ್ತೆ ಹತ್ತಿರ ಬರಲ್ಲ. ಕೆಲವಕ್ಕೆ ನೆಲದ ಮೇಲೆ ಹಾಸಿದ ಗೋಣಿಚೀಲವೇ ಇಷ್ಟ. ಮೂಲೆಯಲ್ಲಿ ಬಚ್ಚಿಡಬೇಡಿ, ಅದು ಕೆರೆಯುವ ಸೋಫಾದ ಪಕ್ಕದಲ್ಲೇ, ಮಲಗುವ ಜಾಗದ ಹತ್ತಿರವೇ ಇಡಿ. ಕಂಬ ರೂಢಿಯಾಗುವ ತನಕ ಸೋಫಾದ ಅಂಚಿಗೆ ಎರಡೂ ಬದಿ ಅಂಟುವ ಟೇಪ್ ಹಾಕಿ, ಅಂಟು ಅಂಟು ಜಾಗ ಬೆಕ್ಕಿಗೆ ಆಗದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಮಾತ್ರ ಕತ್ತರಿಸಿ, ಗುಲಾಬಿ ಬಣ್ಣದ ಭಾಗ ಮುಟ್ಟಬೇಡಿ, ಅಲ್ಲಿ ರಕ್ತನಾಳ ಇದೆ. ಕಂಬಕ್ಕೆ ಬಂದಾಗ ಒಂದು ಚೂರು ಮೀನು ಕೊಡಿ. ಮೂಸಿಯೂ ನೋಡದಿದ್ದರೆ ಕುಪ್ಪಿಗಿಡದ ಬೇರು ಕಿತ್ತು ಹಗ್ಗಕ್ಕೆ ಉಜ್ಜಿ, ಆ ವಾಸನೆಗೆ ಎಷ್ಟೋ ಬೆಕ್ಕುಗಳು ಓಡಿ ಬರುತ್ತವೆ. ಉಳಿದದ್ದು ಇನ್ನೊಮ್ಮೆ.

ಅಂದ ಹಾಗೆ, ಆ ದಂಪತಿಯ ಬೆಕ್ಕಿನ ಉಗುರು ಹಾಗೇ ಇದೆ. ಅವರಿಗೆ ಒಂದು ಕಂತೆ ಹಗ್ಗ ಕೊಟ್ಟು ಕಳಿಸಿದೆ. ಹೊರಗೆ ಮೇಜಿನ ಮೇಲೂ ಇಪ್ಪತ್ತು ಕಂತೆ ಇಟ್ಟಿದ್ದೇನೆ. ಹೋಗುವಾಗ ಮನೆಗೊಂದು ತೆಗೆದುಕೊಳ್ಳಿ.